ಹೊಟ್ಟೆಯೊಳಗಿನ ಭೂತಗನ್ನಡಿ

ಈ ಬಾರಿ ಬರೆಯಲು ಹೊರಟಿರುವ ವಿಷಯ ನಾಲ್ಕು ಜನ ಕುಳಿತಲ್ಲಿ ಎತ್ತುವಂಥದ್ದಲ್ಲ. ಊಟದ ಹೊತ್ತಿನಲ್ಲಂತೂ ಬೇಡವೇ ಬೇಡ. ಆದರೆ ಎತ್ತಬಾರದೆಂದು ನಾವೆಲ್ಲ ಸುಮ್ಮನಿದ್ದುದರಿಂದಲೇ ನಮ್ಮ ಮನೆಯಲ್ಲಿ ಒಂದು ಅನಾಹುತ ನಡೆದುಹೋಯಿತು. ಹಾಗಾಗಿ, ಓದುವವರು ಮುಖ ಸಿಂಡರಿಸಿದರೂ ಚಿಂತೆಯಿಲ್ಲವೆಂದು ಬರೆಯುತ್ತಿದ್ದೇನೆ.

ನನ್ನ ಅಣ್ಣನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. 1999ರ ಬೇಸಿಗೆಯಲ್ಲಿ ಆತನಿಗೆ ಮಲದ ಜೊತೆ ರಕ್ತ ಕಾಣಿಸಿಕೊಂಡಿತು. ಆತ ಅದನ್ನು ಅತ್ತಿಗೆಗೆ ಹೇಳಲು ಒಂದು ತಿಂಗಳು ಬೇಕಾಯಿತು. ಅತ್ತಿಗೆ ನನಗೆ ಹೇಳಲು ಮತ್ತೊಂದು ತಿಂಗಳು. "ಉಷ್ಣವಾಗಿದೆ, ಎಳನೀರು ಕುಡಿಯಲಿ" ಎಂದರು ಹಿರಿಯರು. "ಮೂಲವ್ಯಾಧಿ, ಖಾರ ಬಿಡಲಿ" ಎಂದರು ನೆರೆಯವರು. ಜೀವಶಾಸ್ತ್ರ ಪಾಠ ಹೇಳುತ್ತಿದ್ದ ನಾನು ಕೂಡ, "ಮಜ್ಜಿಗೆ ಕುಡಿ, ಸೊಪ್ಪು ತಿನ್ನು" ಎಂದೇ ಹೇಳಿದೆ. ಲೇಪಗಳು, ಚೂರ್ಣಗಳು, ಪಥ್ಯಗಳು ಎಲ್ಲವೂ ಆದವು. ವರ್ಷ ತಿರುಗುವ ವೇಳೆಗೆ ಅಣ್ಣ ಸೊರಗಿದ್ದ. 2000ದಲ್ಲಿ ಪರೀಕ್ಷೆ ಮಾಡಿಸಿದಾಗ ದೊಡ್ಡ ಕರುಳಿನ ಕ್ಯಾನ್ಸರ್ ಆಗಲೇ ಯಕೃತ್ತನ್ನು ಮುಟ್ಟಿತ್ತು. ಆಗ ಆತನಿಗೆ 49 ವರ್ಷ. ಮರುವರ್ಷ ಆತ ನಮ್ಮೊಡನಿರಲಿಲ್ಲ.

ಇದರಲ್ಲಿ ಯಾರನ್ನು ದೂರಲಿ? ರಕ್ತ ಎಲ್ಲರಿಗೂ ಕಂಡಿತ್ತು. ಆದರೆ ಅದಕ್ಕೆ ನಮ್ಮ ಬಳಿ ಇದ್ದುದು ಒಂದೇ ಹೆಸರು, ಮೂಲವ್ಯಾಧಿ. ಬಲ್ಲ ಹೆಸರು ಒಂದೇ ಆದಾಗ ಕಣ್ಣಿಗೆ ಕಾಣುವುದೂ ಅದೊಂದೇ.

ತರಗತಿಯಲ್ಲಿ ಈ ಮಾತಿಗೆ ಪ್ರತಿವರ್ಷ ಸಾಕ್ಷಿ ಸಿಗುತ್ತಿತ್ತು. ಈರುಳ್ಳಿಯ ಪೊರೆಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರೆ ಮೊದಲು ಎಲ್ಲರದೂ ಒಂದೇ ಉತ್ತರ: "ಏನೂ ಕಾಣ್ತಿಲ್ಲ ಸಾರ್." ಒಂದು ಹನಿ ಅಯೋಡಿನ್ ಹಾಕಿ, ಕರಿಹಲಗೆಯ ಮೇಲೆ ಜೀವಕೋಶದ ಚಿತ್ರ ಬರೆದು, ಮತ್ತೆ ನೋಡಲು ಹೇಳಿದರೆ ಅದೇ ಮಕ್ಕಳು ಇಟ್ಟಿಗೆ ಗೋಡೆಯಂತೆ ಜೋಡಿಸಿದ ಕೋಶಗಳನ್ನು ಬೆರಳು ಮಾಡಿ ಎಣಿಸುತ್ತಿದ್ದರು. ಮಸೂರ ಮೊದಲಿನದೇ, ಬದಲಾದದ್ದು ಬಣ್ಣ ಮತ್ತು ನೋಡಲು ಕಲಿತ ಕಣ್ಣು.

ದೊಡ್ಡ ಕರುಳಿನ ಕ್ಯಾನ್ಸರ್ ವಿಷಯದಲ್ಲಿ ವೈದ್ಯಲೋಕಕ್ಕೂ ಇಂಥದೇ ಒಂದು ಪಾಠ ಆಗಿದೆ. ಆ ಕಥೆ ನಡೆದದ್ದು ಜಪಾನಿನಲ್ಲಿ.

ಕರುಳಿನ ಒಳಗೋಡೆಯಲ್ಲಿ ಅಣಬೆಯಂತೆ ಮೇಲೇಳುವ ಗಂಟುಗಳಿಗೆ ಪಾಲಿಪ್ ಎಂದು ಹೆಸರು. ಅವುಗಳಲ್ಲಿ ಕೆಲವು ವರ್ಷಗಳು ಕಳೆದಂತೆ ಬೆಳೆದು ಕ್ಯಾನ್ಸರ್ ಆಗುತ್ತವೆ ಎಂಬುದು ಬಹುಕಾಲದಿಂದ ತಿಳಿದ ಸಂಗತಿ. ಆದ್ದರಿಂದ ಎಲ್ಲರೂ ಮೇಲೆದ್ದ ಗಂಟುಗಳನ್ನೇ ಹುಡುಕುತ್ತಿದ್ದರು. ಜಪಾನಿನ ಉತ್ತರ ಭಾಗದ ಅಕಿತಾ ನಗರದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿದ್ದ ಶಿನ್-ಎಯ್ ಕುದೊ ಎಂಬ ವೈದ್ಯರು 1980ರ ದಶಕದಿಂದ ಬೇರೊಂದನ್ನು ತೋರಿಸತೊಡಗಿದರು. ಮೇಲೇಳದೆ, ಸುತ್ತಲಿನ ಪೊರೆಗಿಂತ ತುಸು ತಗ್ಗಿಹೋದ, ಕೆಲವೇ ಮಿಲಿಮೀಟರು ಅಗಲದ ಮಚ್ಚೆಗಳವು. ಕಂಡರೆ ಬರಿಯ ಕೆಂಪು ಛಾಯೆ, ಇಲ್ಲವೇ ನಯವಾದ ಪೊರೆಯಲ್ಲಿ ಒಂದಿಷ್ಟು ಒರಟು. ಆದರೆ ಚಿಕ್ಕದಾಗಿರುವಾಗಲೇ ಆಳಕ್ಕಿಳಿಯುವ ಗುಣ ಅವಕ್ಕಿತ್ತು. ಇಂಥ ಕ್ಯಾನ್ಸರನ್ನು ಆಗ ಜಪಾನಿನಲ್ಲಿ ಕೂಡ "ಮಾಯಾ ಕ್ಯಾನ್ಸರ್" ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಪಶ್ಚಿಮದ ಅನೇಕ ತಜ್ಞರು ಇದು ಜಪಾನೀಯರಿಗಷ್ಟೇ ಬರುವ ವಿಚಿತ್ರವಿರಬೇಕೆಂದು ಭಾವಿಸಿದ್ದರು.

ಮುಂದೆ, ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ 1000 ಕೊಲೊನೋಸ್ಕೋಪಿಗಳನ್ನು ಜಪಾನೀ ಕ್ರಮದಂತೆ ಗಮನವಿಟ್ಟು ಮಾಡಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಚಪ್ಪಟೆಯಾದವೂ ತಗ್ಗಿದವೂ ಅಲ್ಲಿಯೂ ಇದ್ದವು. 2008ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ 1819 ಮಂದಿಯ ಪರೀಕ್ಷೆಯ ವರದಿ ಬಂತು. ಅಲ್ಲಿಯೂ ನೂರರಲ್ಲಿ ಸುಮಾರು 9 ಜನರಲ್ಲಿ ಮೇಲೇಳದ ಗಡ್ಡೆಗಳು ಕಂಡವು. ಮೇಲೆದ್ದ ಗಂಟುಗಳಿಗಿಂತ ಇವುಗಳಲ್ಲೇ ಕ್ಯಾನ್ಸರಿನ ಸಂಭವ ಹೆಚ್ಚಾಗಿತ್ತು. ಹಾಗಾದರೆ ಅದು ಜಪಾನಿನ ರೋಗವಾಗಿರಲಿಲ್ಲ. ಎಲ್ಲ ದೇಶಗಳಲ್ಲೂ ಇತ್ತು. ನೋಡಲು ಕಲಿತವರು ಜಪಾನಿನಲ್ಲಿ ಮೊದಲು ಇದ್ದರು, ಅಷ್ಟೆ.

ಈಗ ಭೂತಗನ್ನಡಿಯ ವಿಷಯಕ್ಕೆ ಬರುತ್ತೇನೆ. ಮಚ್ಚೆ ಕಂಡಿತು ಎನ್ನೋಣ. ಅದು ನಿರುಪದ್ರವಿಯೋ, ಕ್ಯಾನ್ಸರಿಗೆ ತಿರುಗಬಹುದಾದದ್ದೋ, ಈಗಾಗಲೇ ಕ್ಯಾನ್ಸರೋ? ಕ್ಯಾನ್ಸರಾದರೆ ಎಷ್ಟು ಆಳ ಇಳಿದಿದೆ? ಇದನ್ನು ಅಲ್ಲಿಯೇ, ಆಗಲೇ ಓದಿ ಹೇಳುವ ವಿದ್ಯೆಗೆ ಹಿಗ್ಗಿಸಿ ತೋರಿಸುವ ಎಂಡೋಸ್ಕೋಪಿ ನೆರವಾಗುತ್ತದೆ. ಕರುಳಿನೊಳಗೆ ಹೋಗುವ ಆ ಬಳುಕುವ ಕೊಳವೆಯ ತುದಿಯ ಮಸೂರಗಳನ್ನು ಹೊಂದಿಸಿದರೆ ಪೊರೆಯ ಮೇಲ್ಮೈ ಸುಮಾರು 80ರಿಂದ 100 ಪಟ್ಟು ದೊಡ್ಡದಾಗಿ ಪರದೆಯ ಮೇಲೆ ಮೂಡುತ್ತದೆ.

ಅಷ್ಟು ಹಿಗ್ಗಿಸಿದಾಗ ಕಾಣುವುದೇನು? ನಮ್ಮ ದೊಡ್ಡ ಕರುಳಿನ ಒಳಪೊರೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಗ್ರಂಥಿಗಳಿವೆ. ಒಂದೊಂದರ ಬಾಯಿಯೂ ಪೊರೆಯ ಮೇಲೆ ಒಂದೊಂದು ಪುಟ್ಟ ಗುಳಿಯಾಗಿ ತೆರೆದುಕೊಂಡಿರುತ್ತದೆ. ಈ ಗುಳಿಗಳ ಆಕಾರವೂ ಜೋಡಣೆಯೂ ಒಳಗೆ ನಡೆಯುತ್ತಿರುವುದನ್ನು ಹೊರಗೆ ಸಾರುತ್ತವೆ. ಕುದೊ ಅವರೂ ಅವರ ಸಂಗಡಿಗರೂ 1990ರ ದಶಕದಲ್ಲಿ ಇವನ್ನು ವರ್ಗೀಕರಿಸಿ ಒಂದು ವರ್ಣಮಾಲೆಯನ್ನೇ ರಚಿಸಿದರು. ವೈದ್ಯರು ಇದನ್ನು ಪಿಟ್ ಪ್ಯಾಟರ್ನ್ ಎನ್ನುತ್ತಾರೆ. ಗುಂಡಗಿನ ಗುಳಿಗಳು ಸಾಲಾಗಿದ್ದರೆ ಒಂದನೆಯ ಬಗೆ, ಅದು ಆರೋಗ್ಯವಂತ ಪೊರೆ. ನಕ್ಷತ್ರದಂತಿದ್ದರೆ ಎರಡನೆಯದು, ಬಹುಮಟ್ಟಿಗೆ ನಿರುಪದ್ರವಿ. ಕೊಳವೆಯಂತೆ ಉದ್ದವಾಗಿದ್ದರೆ ಅಥವಾ ತೀರ ಕಿರಿದಾಗಿ ಒತ್ತಾಗಿದ್ದರೆ ಮೂರನೆಯದು. ಕೊಂಬೆಗಳಂತೆ, ಮಿದುಳಿನ ಮಡಿಕೆಗಳಂತೆ ಇದ್ದರೆ ನಾಲ್ಕನೆಯದು. ಈ ಎರಡು ಮುಂದೆ ಕೆಡಬಹುದಾದವು, ತೆಗೆಯಬೇಕಾದವು. ಗುಳಿಗಳು ಅಡ್ಡಾದಿಡ್ಡಿಯಾಗಿ ಕ್ರಮ ತಪ್ಪಿದ್ದರೆ, ಇಲ್ಲವೇ ಅಳಿಸಿಹೋದ ಅಕ್ಷರದಂತೆ ಆಕಾರವೇ ಇಲ್ಲದಿದ್ದರೆ ಐದನೆಯದು. ಅಲ್ಲಿ ಕ್ಯಾನ್ಸರನ್ನು ಶಂಕಿಸಬೇಕು. ಆಕಾರವೇ ಅಳಿದಿದ್ದರೆ ಅದು ಆಳಕ್ಕಿಳಿದಿದೆ ಎಂದೇ ಬಗೆಯಬೇಕು.

ಬರಿಯ ಹಿಗ್ಗಿಸುವಿಕೆ ಸಾಲದು, ಬಣ್ಣವೂ ಬೇಕು. ಊರ ಗುಡಿಯ ಮುಂದಿನ ಶಾಸನದ ಕಲ್ಲನ್ನು ನಿಮಗೆ ತೋರಿಸಿದ್ದು ನೆನಪಿದೆಯೇ? ಸವೆದ ಕಲ್ಲಿನಲ್ಲಿ ಏನೂ ಕಾಣುತ್ತಿರಲಿಲ್ಲ. ಸೀಮೆಸುಣ್ಣದ ಪುಡಿ ಸವರಿ ಮೇಲಿನದನ್ನು ಒರೆಸಿದಾಗ, ಗೀರುಗಳಲ್ಲಿ ಉಳಿದ ಪುಡಿಯಿಂದ ಅಕ್ಷರಗಳು ಎದ್ದುಬಂದಿದ್ದವು. ಕರುಳಿನಲ್ಲಿ ಆ ಕೆಲಸ ಮಾಡುವುದು ಇಂಡಿಗೊ ಕಾರ್ಮೈನ್ ಎಂಬ ನೀಲಿ ದ್ರವ. ಅದು ಪೊರೆಗೆ ಅಂಟುವುದಿಲ್ಲ. ಗುಳಿಗಳಲ್ಲಿ ನಿಂತು ಅವುಗಳ ರೂಪವನ್ನು ತೋರಿಸುತ್ತದೆ. ಇನ್ನೂ ಸೂಕ್ಷ್ಮವಾಗಿ ನೋಡಬೇಕಾದಾಗ ಕ್ರಿಸ್ಟಲ್ ವಯೊಲೆಟ್ ಹಾಕುತ್ತಾರೆ. ನಮ್ಮ ಬಾಲ್ಯದಲ್ಲಿ ಮಂಡಿ ತರಚಿದರೆ ಕಾಂಪೌಂಡರು ಹಚ್ಚುತ್ತಿದ್ದ ನೇರಳೆ ಔಷಧ, ಜೆನ್ಷನ್ ವಯೊಲೆಟ್, ಅದರ ಮುಖ್ಯ ಅಂಶವೂ ಇದೇ ಬಣ್ಣ. ಇದು ಈರುಳ್ಳಿ ಪೊರೆಯ ಅಯೋಡಿನ್‌ನಂತೆ ಕೋಶಗಳಿಗೇ ಹಿಡಿಯುತ್ತದೆ.

2005ರ ಸುಮಾರಿಗೆ ಬಣ್ಣ ಹಾಕದೆಯೂ ನೋಡುವ ಉಪಾಯವೊಂದು ಬಳಕೆಗೆ ಬಂತು. ಬಿಳಿಯ ಬೆಳಕಿನ ಬದಲು 415 ಮತ್ತು 540 ನ್ಯಾನೋಮೀಟರ್ ಸುತ್ತಲಿನ ನೀಲಿ, ಹಸಿರು ಬೆಳಕನ್ನು ಮಾತ್ರ ಹಾಯಿಸುವ ಕ್ರಮವಿದು. ರಕ್ತದ ಹಿಮೋಗ್ಲೋಬಿನ್ ಈ ಬೆಳಕನ್ನು ಚೆನ್ನಾಗಿ ಹೀರುವುದರಿಂದ ಸೂಕ್ಷ್ಮ ರಕ್ತನಾಳಗಳು ಕಪ್ಪಾಗಿ ಎದ್ದುಕಾಣುತ್ತವೆ. ಗಡ್ಡೆ ಬೆಳೆಯುವಾಗ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಹಬ್ಬಿಸಿಕೊಳ್ಳುತ್ತದೆಯಲ್ಲವೇ? ಆ ಬಲೆಯ ಅಂದಗೇಡಿತನವೇ ಅದರ ಗುರುತು. ಒಂದು ಗುಂಡಿ ಒತ್ತಿದರೆ ಬೆಳಕು ಬದಲಾಗುವುದರಿಂದ ಇದು ಬೇಗ ಹರಡಿತು. ಆದರೂ ಸಂದೇಹ ಉಳಿದಾಗ ತಜ್ಞರು ಬಣ್ಣಕ್ಕೇ ಮರಳುತ್ತಾರೆ.

ಇಷ್ಟೆಲ್ಲ ಏಕೆ, ಒಂದು ಚೂರು ಕಿತ್ತು ಬಯಾಪ್ಸಿಗೆ ಕಳುಹಿಸಿದರೆ ಆಗದೇ ಎಂದು ನೀವು ಕೇಳಬಹುದು. ಆಗುತ್ತದೆ, ಅನೇಕ ಸಂದರ್ಭಗಳಲ್ಲಿ ಅದೇ ಬೇಕು. ಆದರೆ ಚೂರು ಕಿತ್ತ ಜಾಗ ತಪ್ಪಿದರೆ ಉತ್ತರವೂ ತಪ್ಪುತ್ತದೆ. ಕಿತ್ತ ಗಾಯ ಮಾಯುವಾಗ ಅಡಿಯಲ್ಲಿ ಗಂಟುಕಟ್ಟಿ, ಚಪ್ಪಟೆ ಗಡ್ಡೆಯನ್ನು ಮುಂದೆ ಪೂರ್ತಿ ಎತ್ತಿ ತೆಗೆಯುವುದು ಕಷ್ಟವಾಗುವುದೂ ಉಂಟು. ಅದಕ್ಕಿಂತ ಮುಖ್ಯವಾದದ್ದು ಆಳದ ಪ್ರಶ್ನೆ. ಕ್ಯಾನ್ಸರ್ ಒಳಪೊರೆಯಲ್ಲೇ ಇದ್ದರೆ, ಅಥವಾ ಅದರ ಕೆಳಪದರಕ್ಕೆ 1 ಮಿಲಿಮೀಟರಿಗಿಂತ ಕಡಿಮೆ ಇಳಿದಿದ್ದು ಬೇರೆ ಅಪಾಯದ ಚಿಹ್ನೆಗಳಿಲ್ಲದಿದ್ದರೆ, ಅದು ದುಗ್ಧಗ್ರಂಥಿಗಳಿಗೆ ಹರಡಿರುವ ಸಂಭವ ತೀರ ಕಡಿಮೆ. ಅಂಥದನ್ನು ಕೊಳವೆಯ ಮೂಲಕವೇ ತೆಗೆಯಬಹುದು, ಹೊಟ್ಟೆ ಕೊಯ್ಯಬೇಕಾಗಿಲ್ಲ. ಅದಕ್ಕಿಂತ ಆಳ ಇಳಿದಿದ್ದರೆ ಮಾತ್ರ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒಂದು ಮಿಲಿಮೀಟರಿನ ಈಚೆ ಒಂದು ಬದುಕು, ಆಚೆ ಇನ್ನೊಂದು. ಭೂತಗನ್ನಡಿ ಆ ಗೆರೆಯನ್ನು ಮುಂಚಿತವಾಗಿ ಅಂದಾಜು ಮಾಡಲು ನೆರವಾಗುತ್ತದೆ. ಅಂತಿಮ ತೀರ್ಪು, ತೆಗೆದ ಭಾಗವನ್ನು ಪರೀಕ್ಷಿಸುವ ರೋಗಶಾಸ್ತ್ರಜ್ಞರದೇ.

ಈ ವಿದ್ಯೆಯಲ್ಲಿ ನನಗೆ ಮೆಚ್ಚುಗೆಯಾದುದು ಅದರ ಶಕ್ತಿಗಿಂತ ಅದರ ಸಂಯಮ. ಎಲ್ಲವನ್ನೂ ಕತ್ತರಿಸು ಎನ್ನುವುದಿಲ್ಲ. ಇದನ್ನು ಬಿಡು, ಇದನ್ನು ಇಲ್ಲೇ ತೆಗೆ, ಇದನ್ನು ಮಾತ್ರ ಶಸ್ತ್ರವೈದ್ಯರಿಗೆ ಒಪ್ಪಿಸು ಎನ್ನುತ್ತದೆ.

ಇದು ಪುಸ್ತಕದ ಮಾತಷ್ಟೇ ಅಲ್ಲ. 2019ರಲ್ಲಿ, ನಿವೃತ್ತನಾದ ವರ್ಷ, ನಾನೂ ಈ ಪರೀಕ್ಷೆಗೆ ಒಳಗಾದೆ. ಅಣ್ಣನಿಗೆ ಬಂದ ರೋಗವಾದ್ದರಿಂದ ಬಹಳ ಹಿಂದೆಯೇ ಮಾಡಿಸಬೇಕಾಗಿತ್ತು. ನಾಚಿಕೆ ಮತ್ತು ಹೆದರಿಕೆಯಿಂದ 19 ವರ್ಷ ತಳ್ಳಿದ್ದೆ. ಪರೀಕ್ಷೆಗಿಂತ ಹಿಂದಿನ ರಾತ್ರಿಯೇ ಕಷ್ಟ. ಉಪ್ಪುಪ್ಪಾದ ಆ ಔಷಧದ ನೀರನ್ನು ಲೀಟರುಗಟ್ಟಲೆ ಕುಡಿದು, ಕರುಳು ತಿಳಿನೀರಾಗುವವರೆಗೆ ಓಡಾಡಬೇಕು. ಮರುದಿನ ಲಘುವಾದ ಮಂಪರಿನಲ್ಲಿ ಪರದೆಯನ್ನು ನೋಡುತ್ತಿದ್ದೆ. ವೈದ್ಯರು ಒಂದೆಡೆ ನಿಂತರು. ನನಗೆ ಅಲ್ಲಿ ಏನೂ ಕಾಣಲಿಲ್ಲ. ನೀಲಿ ದ್ರವ ಹರಿಸಿದರು. ಕಾಲುರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಚಪ್ಪಟೆ ದ್ವೀಪವೊಂದು ಎದ್ದುಬಂತು. ಹಿಗ್ಗಿಸಿದರು. ಉದ್ದುದ್ದ ಗೀರುಗಳು. "ಮೂರನೆಯ ಬಗೆ, ಮೇಷ್ಟ್ರೇ. ಈಗಲೇ ತೆಗೆದುಬಿಡುತ್ತೇನೆ" ಎಂದರು. ಅರ್ಧ ಗಂಟೆಯೊಳಗೆ ಕೆಲಸ ಮುಗಿದಿತ್ತು. ಕ್ಯಾನ್ಸರ್ ಅಲ್ಲ, ಬಿಟ್ಟಿದ್ದರೆ ಆಗಬಹುದಾಗಿತ್ತು ಎಂದು ವರದಿ ಬಂತು. ಮನೆಗೆ ಬಂದು ಅಣ್ಣನ ಭಾವಚಿತ್ರದ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ಹಾಗೆಂದು ಯಂತ್ರದ ಭಜನೆ ಮಾಡಲು ನಾನು ಸಿದ್ಧನಿಲ್ಲ. ಭೂತಗನ್ನಡಿ ಬೇಕಾಗುವುದು ಕಂಡದ್ದನ್ನು ಓದಲು. ಮೊದಲು ಅದು ಕಾಣಬೇಕಲ್ಲ? ಅದಕ್ಕೆ ಬೇಕಾದವು ಚೊಕ್ಕಟವಾದ ಕರುಳು ಮತ್ತು ಅವಸರವಿಲ್ಲದ ವೈದ್ಯ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ 12 ಮಂದಿ ವೈದ್ಯರ ಕೆಲಸವನ್ನು ಹೋಲಿಸಿತ್ತು. ಕೊಳವೆಯನ್ನು ಹಿಂದಕ್ಕೆಳೆಯುತ್ತ ನೋಡಲು ಸರಾಸರಿ 6 ನಿಮಿಷ ಅಥವಾ ಹೆಚ್ಚು ತೆಗೆದುಕೊಂಡವರು ನೂರರಲ್ಲಿ 28 ಜನರಲ್ಲಿ ಗಡ್ಡೆಗಳನ್ನು ಕಂಡರೆ, ಅವಸರದವರು ಸುಮಾರು 12 ಜನರಲ್ಲಿ ಮಾತ್ರ ಕಂಡಿದ್ದರು. ಉತ್ತರಪತ್ರಿಕೆ ತಿದ್ದಿದ ಯಾವ ಮೇಷ್ಟರಿಗೂ ಇದು ಆಶ್ಚರ್ಯವೆನಿಸದು. ದಿನಕ್ಕೆ ಇಷ್ಟು ಎಂದು ಲೆಕ್ಕವಿಟ್ಟು ಓಡಿದವರ ಕಣ್ಣಿಗೆ ತಪ್ಪೂ ಕಾಣದು, ಒಪ್ಪೂ ಕಾಣದು.

ಈಗ ಕಂಪ್ಯೂಟರೇ ನೋಡಿ ಹೇಳುವ ಕಾಲ ಬಂದಿದೆ. 500 ಪಟ್ಟು ಹಿಗ್ಗಿಸಿದ ಚಿತ್ರವನ್ನು ಓದಿ ಗಡ್ಡೆಯ ಬಗೆ ತಿಳಿಸುವ ಕೃತಕ ಬುದ್ಧಿಮತ್ತೆಯ ಸಾಧನವೊಂದಕ್ಕೆ ಜಪಾನ್ 2018ರಲ್ಲಿ ಅನುಮತಿ ನೀಡಿತು. ಒಳ್ಳೆಯದೇ. ಆದರೆ 2025ರಲ್ಲಿ ಪೋಲೆಂಡಿನಿಂದ ಬಂದ ವರದಿಯನ್ನೂ ಮರೆಯಬಾರದು. ಅಂಥ ಸಾಧನಗಳ ನೆರವಿಗೆ ಒಗ್ಗಿದ ವೈದ್ಯರು ನೆರವಿಲ್ಲದೆ ಮಾಡಿದ ಪರೀಕ್ಷೆಗಳಲ್ಲಿ ಗಡ್ಡೆ ಪತ್ತೆಯಾಗುವ ಪ್ರಮಾಣ ನೂರಕ್ಕೆ 28.4ರಿಂದ 22.4ಕ್ಕೆ ಇಳಿದಿತ್ತು. ಕ್ಯಾಲ್ಕುಲೇಟರ್ ಕೈಗೆ ಬಂದ ಮೇಲೆ ಮಗ್ಗಿ ಮರೆತ ಮಕ್ಕಳನ್ನು ಕಂಡ ನನಗೆ ಇದರಲ್ಲಿ ಎಚ್ಚರಿಕೆಯ ಪಾಠವಿದೆ ಎನಿಸುತ್ತದೆ. ಯಂತ್ರ ಕಣ್ಣಿಗೆ ಜೊತೆಯಾಗಲಿ, ಕಣ್ಣಿನ ಬದಲಿಯಾಗುವುದು ಬೇಡ.

ಇನ್ನು ನಮ್ಮ ನಾಡಿನ ಮಾತು. ಭಾರತದಲ್ಲಿ ಈ ಕ್ಯಾನ್ಸರ್ ಜಪಾನಿನಷ್ಟು, ಅಮೆರಿಕದಷ್ಟು ಹೆಚ್ಚಿಲ್ಲ. ಆದರೂ 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಆ ಒಂದು ವರ್ಷದಲ್ಲಿ ಸುಮಾರು 70 ಸಾವಿರ ಜನರಲ್ಲಿ ಇದು ಹೊಸದಾಗಿ ಪತ್ತೆಯಾಯಿತು. ಜಪಾನ್ 1992ರಿಂದಲೇ 40 ದಾಟಿದವರಿಗೆ ಪ್ರತಿವರ್ಷ ಎರಡು ದಿನದ ಮಲದ ಮಾದರಿಯಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಪರೀಕ್ಷೆ ನಡೆಸುತ್ತಿದೆ. ನಮ್ಮ ರಾಷ್ಟ್ರೀಯ ತಪಾಸಣಾ ಕಾರ್ಯಕ್ರಮ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರುಗಳಿಗೆ ಆದ್ಯತೆ ಕೊಟ್ಟಿದೆ. ನಮ್ಮ ರೋಗಗಳ ಲೆಕ್ಕ ನೋಡಿದರೆ ಅದು ಸರಿಯೇ. ಎಲ್ಲರ ಹೊಟ್ಟೆಯೊಳಗೂ ಕೊಳವೆ ಇಳಿಸಬೇಕೆಂದು ನಾನು ವಾದಿಸುತ್ತಿಲ್ಲ. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿ ಕಾಯುವುದನ್ನು ಬಿಡೋಣ ಎಂಬುದಷ್ಟೇ ನನ್ನ ವಾದ. ರಕ್ತ ಕಂಡವರಲ್ಲಿ ಹೆಚ್ಚಿನವರಿಗೆ ಅದು ಮೂಲವ್ಯಾಧಿಯೇ ಆಗಿರಬಹುದು. ಆದರೆ ಅದನ್ನು ಹೇಳಬೇಕಾದವರು ನೋಡಿದ ವೈದ್ಯರು, ನೋಡದ ನೆಂಟರಲ್ಲ.

ರಕ್ತ, ಮಲವಿಸರ್ಜನೆಯ ಅಭ್ಯಾಸದಲ್ಲಿ ವಾರಗಟ್ಟಲೆ ಉಳಿಯುವ ಬದಲಾವಣೆ, ಕಾರಣ ತಿಳಿಯದ ರಕ್ತಹೀನತೆ, ಇಳಿಯುತ್ತಿರುವ ತೂಕ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿಗೆ ಹೋಗಿ. ಅಮೆರಿಕದ ಲೆಕ್ಕದಲ್ಲಿ, ಕರುಳಿನಲ್ಲೇ ಇರುವಾಗ ಪತ್ತೆಯಾದರೆ ಐದು ವರ್ಷ ದಾಟುವವರು ನೂರಕ್ಕೆ ಸುಮಾರು 90. ದೂರದ ಅಂಗಗಳಿಗೆ ಹರಡಿದ ಮೇಲಾದರೆ ಸುಮಾರು 15. ನಾಚಿಕೆಗೆ ನಾವು ತೆರುವ ಬೆಲೆ ಇಷ್ಟು.

ಕೊನೆಯ ಮಾತು ನನ್ನ ಅಣ್ಣನ ಮಕ್ಕಳಿಗೆ. ನೀವಿಬ್ಬರೂ ಇದನ್ನು ಓದುತ್ತೀರೆಂದು ಬಲ್ಲೆ. ಹತ್ತಿರದ ರಕ್ತಸಂಬಂಧಿಗೆ 60ಕ್ಕೆ ಮುಂಚೆ ಈ ರೋಗ ಬಂದಿದ್ದರೆ, ಉಳಿದವರು 40ನೆಯ ವಯಸ್ಸಿನಲ್ಲಿ, ಅಥವಾ ಆ ಸಂಬಂಧಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮುಂಚೆ ಬರುತ್ತದೋ ಆಗ, ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕೆಂದು ತಜ್ಞರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ತಂದೆಯ ಲೆಕ್ಕದಲ್ಲಿ ಅದು 39. ನಿಮ್ಮಿಬ್ಬರಿಗೂ ಅದು ದಾಟಿದೆ. ದೊಡ್ಡವನು ಕಳೆದ ವರ್ಷ ಮಾಡಿಸಿಕೊಂಡು ಬಂದ, ಏನೂ ಇರಲಿಲ್ಲ. ಚಿಕ್ಕವಳೇ, "ಮಕ್ಕಳ ಪರೀಕ್ಷೆ ಮುಗಿಯಲಿ ಚಿಕ್ಕಪ್ಪ" ಎಂದು ನೀನು ಹೇಳಿ ಎರಡು ಪರೀಕ್ಷೆಗಳು ಮುಗಿದವು. ಅಂದು ನಿನ್ನ ತಂದೆಗೆ ಮಜ್ಜಿಗೆ ಕುಡಿಯಲು ಹೇಳಿದ ಈ ಚಿಕ್ಕಪ್ಪ ಇಂದು ಬೇರೆ ಮಾತು ಹೇಳುತ್ತಿದ್ದಾನೆ. ದಿನ ಗೊತ್ತು ಮಾಡು, ಜೊತೆಗೆ ನಾನೂ ಬರುತ್ತೇನೆ. ಹೊರಗೆ ಬೆಂಚಿನ ಮೇಲೆ ಕಾಯುವುದು ನಿವೃತ್ತ ಮೇಷ್ಟರಿಗೆ ಕಷ್ಟದ ಕೆಲಸವಲ್ಲ.